ಸೌದಿಯಿಂದ ಬಂದ ಡೆಕ್, ನಮ್ಮ 50 ಹರ್ಟ್ಸ್ ಕರೆಂಟು

ಮೇಜಿನ ಮೇಲಿರುವುದು 1970ರ ದಶಕದ ಜಪಾನಿ ಬೆಲ್ಟ್ ಡ್ರೈವ್ ಡೆಕ್, ಅಂದರೆ ಮೋಟರು ರಬ್ಬರ್ ಬೆಲ್ಟಿನಿಂದ ತಟ್ಟೆ ತಿರುಗಿಸಿ ಹಾಡಿನ ಪ್ಲೇಟು ನುಡಿಸುವ ರೆಕಾರ್ಡ್ ಪ್ಲೇಯರ್. ಮಂಗಳೂರು ಬಂದರಿನ ಗುಜರಿಯಲ್ಲಿ ಸಿಕ್ಕಿದ್ದು, ಬೆಲೆ 2,200 ರೂಪಾಯಿ. ಬೆಲ್ಟ್ ಕರಗಿ ಟಾರಿನಂತಾಗಿದೆ, ಸೂಜಿ ಇಲ್ಲ, ಮುಚ್ಚಳದ ಒಂದು ಹಿಂಜ್ ಮುರಿದಿದೆ, ಮೋಟರಿನ ಪಕ್ಕ ಕಣಜ ಕಟ್ಟಿದ ಮಣ್ಣಿನ ಗೂಡು. ಇವು ಯಾವುವೂ ದೊಡ್ಡ ತೊಂದರೆಗಳಲ್ಲ. ದೊಡ್ಡ ತೊಂದರೆ ಹಿಂಬದಿಯ ತಗಡಿನ ಪಟ್ಟಿಯಲ್ಲಿ ಉಂಟು: 60 ಹರ್ಟ್ಸ್. ಕರೆಂಟಿನ ಆವರ್ತನ ಸೆಕೆಂಡಿಗೆ 60 ಇರುವ ಊರಿಗೆ ಮಾಡಿದ ಡೆಕ್ ಇದು, ನಮ್ಮ 50ರಲ್ಲಿ ನಿಧಾನಕ್ಕೆ ತಿರುಗುತ್ತದೆ.

ಉಳ್ಳಾಲದಿಂದ ಬೈಂದೂರಿನವರೆಗೆ ಹಳೆಯ ಮನೆಗಳ ಅಟ್ಟದಿಂದ ಇಳಿಯುವ ಒಳ್ಳೆಯ ಡೆಕ್‌ಗಳಲ್ಲಿ ಹಲವು ಗಲ್ಫ್‌ನಿಂದ ಬಂದವು. ದುಬೈ, ಕುವೈತ್, ಮಸ್ಕತ್‌ನಲ್ಲಿ ಕರೆಂಟು ನಮ್ಮಂತೆ 50 ಹರ್ಟ್ಸ್. ಸೌದಿಯಲ್ಲಿ 60. ಅಲ್ಲಿ ಮನೆಗಳಿಗೆ 127 ವೋಲ್ಟ್ ಕೊಡುತ್ತಿದ್ದ ಕಾಲವೂ ಇತ್ತು. ಹಾಗಾಗಿ ಗಲ್ಫ್ ಸೆಟ್ ಎಂದಾಕ್ಷಣ ಯಾವ ಊರಿನದು ಎಂದು ಕೇಳಬೇಕು. ಮಾರುವವರಿಗೆ ಗೊತ್ತಿಲ್ಲದಿದ್ದರೆ ತಗಡಿನ ಪಟ್ಟಿ ಹೇಳುತ್ತದೆ.

ಕೊಳ್ಳುವಾಗ

ಗುಜರಿಯಲ್ಲಿ ಡೆಕ್‌ಗೆ ಕರೆಂಟು ಕೊಟ್ಟು ನೋಡುವ ಅಗತ್ಯವಿಲ್ಲ, ಕೊಡಲೂ ಬಾರದು. ಕೈಯಲ್ಲೇ ಐದು ನಿಮಿಷದ ಪರೀಕ್ಷೆ ಸಾಕು. ಮೊದಲು ನೋಡುವುದು ಸೂಜಿ ಹೊತ್ತ ತೋಳಿನ ಹಿಂದಿನ ತೂಕದ ಗುಂಡು, ಅಂದರೆ ಕೌಂಟರ್‌ವೇಟ್. ಅದಿಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟು ಬರುವುದೇ ಲೇಸು. ಅದರ ತೂಕ, ತಿರುಪಿನ ಮರೆ, ಒಳಗಿನ ರಬ್ಬರ್ ಎಲ್ಲವೂ ಆ ಮಾದರಿಗೇ ಮೀಸಲು. ಬೇರೆಯದರದ್ದು ಹೊಂದುವುದಿಲ್ಲ. ಆಮೇಲೆ ತೋಳಿನ ತುದಿಯ, ಸೂಜಿ ಕೂರುವ ಹೆಡ್‌ಶೆಲ್ ಹಿಡಿದು ತೋಳನ್ನು ಮೇಲೆ ಕೆಳಗೆ, ಅತ್ತ ಇತ್ತ ಬಹಳ ಮೆಲ್ಲನೆ ಅಲುಗಿಸಬೇಕು. ಬುಡದಲ್ಲಿ ಟಿಕ್ ಎಂದರೆ ಬೇರಿಂಗ್ ಸಡಿಲ. ಮೂರನೆಯದು ಪ್ಲೇಟು ಕೂರುವ ತಟ್ಟೆ. ಬೆರಳಲ್ಲಿ ಒಂದು ಸುತ್ತು ಕೊಟ್ಟರೆ ಅಂಚು ಏರಿಳಿಯದೆ ತಿರುಗಬೇಕು, ಗರಗರ ಎನ್ನಬಾರದು.

ಬೆಲ್ಟ್, ಸೂಜಿ, ವಯರ್, ಮ್ಯಾಟ್, ಪ್ಲೈವುಡ್ ಪೆಟ್ಟಿಗೆ ಹಾಳಾಗಿದ್ದರೆ ಚೌಕಾಶಿಗೆ ಒಳ್ಳೆಯದೇ, ಅವೆಲ್ಲ ಬದಲಾಗುವ ವಸ್ತುಗಳು. ಪಯೋನಿಯರ್ ಪಿಎಲ್-12ಡಿಯಂಥ ಪೂರ್ತಿ ಮ್ಯಾನುಯಲ್ ಡೆಕ್ ಸಿಕ್ಕಿದರೆ ಅದೃಷ್ಟ. ತೋಳನ್ನು ತಾನೇ ಎತ್ತಿ ತಾನೇ ಇಡುವ ಆಟೋಮ್ಯಾಟಿಕ್ ಡೆಕ್‌ಗಳ ಹೊಟ್ಟೆಯಲ್ಲಿ ಹತ್ತಾರು ಸನ್ನೆಕೋಲುಗಳು, ಪ್ರತಿಯೊಂದರ ಗ್ರೀಸೂ ಮೇಣವಾಗಿರುತ್ತದೆ. ಮೊದಲ ಕೆಲಸಕ್ಕೆ ಅಂಥದ್ದು ಬೇಡ. ಎಚ್‌ಎಂವಿ, ಫಿಲಿಪ್ಸ್‌ನ ಪೆಟ್ಟಿಗೆ ಪ್ಲೇಯರ್‌ಗಳು ನೋಡಲು ಚಂದ. ಆದರೆ ಸೆರಾಮಿಕ್ ಕಾರ್ಟ್ರಿಜ್‌ನ (ಸೂಜಿಯ ಅಲುಗಾಟವನ್ನು ಕರೆಂಟಾಗಿಸುವ ಪುಟ್ಟ ಡಬ್ಬಿ) ಪ್ಲೇಯರ್‌ಗಳಲ್ಲಿ ಸೂಜಿಯ ಭಾರ 5 ಗ್ರಾಂ ದಾಟುವುದು ಸಾಮಾನ್ಯ. ಒಳ್ಳೆಯ ಸ್ಟೀರಿಯೊ ಎಲ್‌ಪಿಯನ್ನು ಅದಕ್ಕೆ ಹಾಕಬಾರದು.

ಲೆಕ್ಕ ಇಷ್ಟೇ: ಡೆಕ್‌ಗೆ ಕೊಡುವ ಹಣ ಹೊಸ ಕಾರ್ಟ್ರಿಜ್‌ನ ಬೆಲೆಗಿಂತ ಕಡಿಮೆ ಇರಲಿ. ಪ್ಲೇಟಿನ ಗೀರನ್ನು ಮುಟ್ಟುವುದು ಸೂಜಿ, ಹಣ ಹೋಗಬೇಕಾದ್ದು ಅಲ್ಲಿಗೆ. ಉಳಿದದ್ದರಲ್ಲಿ ಹೆಚ್ಚಿನದು ಕೈಕೆಲಸ.

ಕರೆಂಟು ಕೊಡುವ ಮೊದಲು

ಗೂಡಿನ ಮಣ್ಣನ್ನು ಒಣ ಬ್ರಷ್‌ನಿಂದ ತೆಗೆಯಬೇಕು. ಒದ್ದೆ ಮಾಡಿದರೆ ಕೆಸರು ಮೋಟರಿನೊಳಗೆ ಇಳಿಯುತ್ತದೆ. ನಂತರ ಡೆಕ್‌ನ ತಳ ಬಿಚ್ಚಿ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಒಂದಡಿ ದೂರಕ್ಕೆ 60 ವ್ಯಾಟ್‌ನ ಬಲ್ಬು ಉರಿಸಿ, ಕಣ್ಣಳತೆಯಲ್ಲೇ ಇಟ್ಟುಕೊಂಡು ಐದಾರು ಗಂಟೆ ಒಣಗಿಸಬೇಕು. ಹತ್ತು ಮಳೆಗಾಲ ಅಟ್ಟದಲ್ಲಿ ಕಳೆದ ಮೋಟರಿನ ಕಾಯಿಲ್‌ನಲ್ಲಿ, ಅಂದರೆ ತಂತಿಯ ಸುರುಳಿಯಲ್ಲಿ, ತೇವ ಇದ್ದೇ ಇರುತ್ತದೆ.

ಒಣಗಿದ ಮೇಲೆ ಪ್ಲಗ್ಗಿನ ಪ್ರತಿ ಪಿನ್ನಿಗೂ ಡೆಕ್‌ನ ಲೋಹಕ್ಕೂ ನಡುವೆ ಮಲ್ಟಿಮೀಟರನ್ನು ಓಮ್ ಅಳೆಯುವಂತೆ ಇಟ್ಟು ಹಿಡಿಯಬೇಕು, ಸ್ವಿಚ್ ಆನ್ ಇರಲಿ. ಮೀಟರಿನ ಅತಿ ದೊಡ್ಡ ರೇಂಜಿನಲ್ಲೂ ಏನೂ ತೋರಿಸಬಾರದು. ಒಂದೆರಡು ಮೆಗಾಓಮ್ ತೋರಿಸಿದರೂ ಇನ್ನೊಂದು ದಿನ ಒಣಗಲಿ. ವೋಲ್ಟೇಜ್ ಸೆಲೆಕ್ಟರ್ ಈ ಡೆಕ್‌ನಲ್ಲಿ 120ರಲ್ಲಿ ನಿಂತಿತ್ತು. ಅದೇ ಸ್ಥಾನದಲ್ಲಿ ನಮ್ಮ 230 ವೋಲ್ಟ್ ಕೊಟ್ಟಿದ್ದರೆ ಮೋಟರ್ ಹೊಗೆಯಾಗುತ್ತಿತ್ತು. ಅದನ್ನು 220ಕ್ಕಲ್ಲ, 240ಕ್ಕೆ ತಿರುಗಿಸಿದ್ದು. ಕಾರಣ ಉಂಟು: ಆವರ್ತನ ಇಳಿದರೆ ಕಾಯಿಲ್‌ನ ತಡೆ ಕಡಿಮೆಯಾಗಿ ಮೋಟರ್ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಮೇಲಿನ ಸ್ಥಾನದಲ್ಲಿಟ್ಟರೆ ಆ ಬಿಸಿ ಹಿಡಿತದಲ್ಲಿರುತ್ತದೆ.

ಸ್ವಿಚ್ಚಿನ ಕಾಲುಗಳಿಗೆ ಅಡ್ಡಲಾಗಿ ಕಿಡಿ ತಡೆಯುವ ಕೆಪಾಸಿಟರ್ ಇರುತ್ತದೆ. ಹಳೆಯದು ಉಬ್ಬಿ ಬಿರಿದಿರುವುದು ಸಾಮಾನ್ಯ. ಅದೇ ಮೌಲ್ಯದ್ದನ್ನು ಹಾಕಬೇಕು, ಆದರೆ ಮೈಮೇಲೆ ಎಕ್ಸ್2, 275 ವೋಲ್ಟ್ ಎಸಿ ಎಂದು ಬರೆದಿರುವುದನ್ನೇ. 400 ವೋಲ್ಟ್ ಡಿಸಿ ಎಂದಿರುವುದು ಅಗ್ಗಕ್ಕೆ ಸಿಕ್ಕಿತೆಂದು ಹಾಕಬಾರದು. ಅದು ಶಾರ್ಟ್ ಆದರೆ ಸ್ವಿಚ್ ಆಫ್ ಮಾಡಿದರೂ ಮೋಟರ್ ನಿಲ್ಲುವುದಿಲ್ಲ.

ಮೊದಲ ಸಲ ಕರೆಂಟು ಕೊಡುವಾಗ ಕರೆಂಟು ಬಲ್ಬಿನ ಮೂಲಕವೇ ಹಾದು ಬರುವ, ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ ಬಳಸಬೇಕು, 60 ವ್ಯಾಟ್‌ನ ತಂತಿಯ ಬಲ್ಬಿನೊಂದಿಗೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಮೋಟರ್ ಸರಿಯಿದ್ದರೆ ಬಲ್ಬಿನ ತಂತಿ ಕೆಂಪಾಗುವುದೂ ಕಷ್ಟ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್.

ಪುಲ್ಲಿ

ಈ ಡೆಕ್‌ನಲ್ಲಿರುವುದು ನಾಲ್ಕು ಪೋಲ್‌ನ ಸಿಂಕ್ರೊನಸ್ ಮೋಟರ್. ಅದರ ವೇಗ ನಿರ್ಧಾರವಾಗುವುದು ವೋಲ್ಟೇಜಿನಿಂದಲ್ಲ, ಆವರ್ತನದಿಂದ: 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1,800 ಸುತ್ತು, 50ರಲ್ಲಿ 1,500. ಮೋಟರಿನ ಶಾಫ್ಟಿಗೆ ಕೂರಿಸಿದ, ಬೆಲ್ಟ್ ಓಡುವ ಪುಟ್ಟ ಗಾಲಿಯೇ ಪುಲ್ಲಿ. ಅದನ್ನು ಬದಲಿಸದಿದ್ದರೆ ನಿಮಿಷಕ್ಕೆ 33⅓ ಸುತ್ತಿನ ಪ್ಲೇಟು 27.8ರಲ್ಲಿ ತಿರುಗುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಕೆಳಗಿಳಿಯುತ್ತದೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಕಪ್ಪು ಮೂರರಲ್ಲಿ ಹಾಡಿದ್ದು ಕಪ್ಪು ಎರಡನ್ನೂ ಮುಟ್ಟದೆ ಕೆಳಗೆ ಕೂರುತ್ತದೆ. ಬೆಲ್ಟ್ ಸಡಿಲ ಎಂದುಕೊಂಡು ಬೆಲ್ಟಿನ ಮೇಲೆ ಬೆಲ್ಟ್ ಬದಲಿಸಿ ಸುಸ್ತಾಗುವವರು ಇಲ್ಲೇ ಎಡವುವುದು.

ಪತ್ತೆ ಸುಲಭ. ತಟ್ಟೆಯ ಅಂಚಿಗೆ ಒಂದು ಚೂರು ಬಿಳಿ ಕಾಗದ ಅಂಟಿಸಿ 100 ಸುತ್ತು ಎಣಿಸಬೇಕು. 33⅓ರಲ್ಲಿ ಅದಕ್ಕೆ ಸರಿಯಾಗಿ 180 ಸೆಕೆಂಡು ಹಿಡಿಯುತ್ತದೆ. 216 ಸೆಕೆಂಡು ಬಂದರೆ ಪುಲ್ಲಿ 60ರದ್ದು. ಸಡಿಲ ಬೆಲ್ಟಿನ ವೇಗ ಹೀಗೆ ಲೆಕ್ಕಕ್ಕೆ ಸಿಗುವುದಿಲ್ಲ, ಪ್ರತಿ ಸಲ ಬೇರೆಯೇ ಬರುತ್ತದೆ. ಅಂದ ಹಾಗೆ ಡಿಸಿ ಸರ್ವೊ ಮೋಟರ್, ಕ್ವಾರ್ಟ್ಸ್ ಡೈರೆಕ್ಟ್ ಡ್ರೈವ್ ಇರುವ ಡೆಕ್‌ಗಳಿಗೆ ಈ ಕಾಟವೇ ಇಲ್ಲ. ವೋಲ್ಟೇಜ್ ಸರಿಮಾಡಿದರೆ ಮುಗಿಯಿತು.

ಹೊಸ ಪುಲ್ಲಿಯ ಅಳತೆ ಹೀಗೆ. ಬೆಲ್ಟ್ ಕೂರುವ ಒಳತಟ್ಟೆಯ ವ್ಯಾಸ ವರ್ನಿಯರ್‌ನಲ್ಲಿ 220 ಮಿ.ಮೀ., ಬೆಲ್ಟಿನ ದಪ್ಪ 0.6. ಬಾಗಿದ ಬೆಲ್ಟಿನ ನಿಜವಾದ ಸುತ್ತಳತೆ ಅದರ ದಪ್ಪದ ನಡುವಿನಲ್ಲಿ ಓಡುವುದರಿಂದ ತಟ್ಟೆ, ಪುಲ್ಲಿ ಎರಡರ ವ್ಯಾಸಕ್ಕೂ ಒಂದೊಂದು ದಪ್ಪ ಸೇರಿಸಬೇಕು: ತಟ್ಟೆ 220.6. ಮೋಟರ್ 1,500, ತಟ್ಟೆ 33⅓, ಅನುಪಾತ 45. 220.6ನ್ನು 45ರಿಂದ ಭಾಗಿಸಿದರೆ 4.90. ಅದರಿಂದ 0.6 ಕಳೆದರೆ ಪುಲ್ಲಿ 4.30 ಮಿ.ಮೀ. ನಿಮಿಷಕ್ಕೆ 45 ಸುತ್ತಿನ ಪ್ಲೇಟಿಗಾಗಿ ಪುಲ್ಲಿಯಲ್ಲಿರುವ ಇನ್ನೊಂದು ಮೆಟ್ಟಿಲಿಗೆ ಅನುಪಾತ 33.33, ಪುಲ್ಲಿ 6.02. ಹಳೆಯ ಪುಲ್ಲಿ ಅಳೆದಾಗ 3.49 ಮತ್ತು 4.92 ಸಿಕ್ಕಿತು, ಎರಡೂ 60 ಹರ್ಟ್ಸ್‌ನ ಲೆಕ್ಕಕ್ಕೆ ಸರಿ ಕೂರುತ್ತವೆ. ಹಳೆಯ ಅಳತೆಯನ್ನು ಸುಮ್ಮನೆ 1.2ರಿಂದ ಗುಣಿಸಿದ್ದರೆ 4.19 ಬಂದು ವೇಗ ಶೇ. 2ಕ್ಕೂ ಹೆಚ್ಚು ಕಡಿಮೆಯಾಗುತ್ತಿತ್ತು. ಬೆಲ್ಟಿನ ದಪ್ಪ ಮರೆತರೆ ಆಗುವುದು ಹೀಗೆ.

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಲೇತ್ ಇರುವ ವರ್ಕ್‌ಶಾಪ್‌ಗಳು ಉಂಟು. ಇಷ್ಟು ಚಿಕ್ಕ ಕೆಲಸವನ್ನು ಒಪ್ಪಿಸಲು ಸ್ವಲ್ಪ ಮಾತು ಖರ್ಚಾಗುತ್ತದೆ. ಕೊಡುವಾಗ ನಾಲ್ಕು ವಿಷಯ ಕಾಗದದ ಮೇಲೆ ಬರೆದೇ ಕೊಡಬೇಕು. ಲೋಹ ಹಿತ್ತಾಳೆ. ಶಾಫ್ಟಿನ ತೂತು ಮತ್ತು ಹೊರಮೈ ಎರಡನ್ನೂ ಚಕ್ಕಿನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ತೆಗೆಯಬೇಕು, ಬಿಚ್ಚಿ ಮತ್ತೆ ಕಟ್ಟಿದರೆ ನಡು ತಪ್ಪುತ್ತದೆ. ಎರಡೂ ಮೆಟ್ಟಿಲುಗಳ ನಡುಭಾಗ ಕೂದಲೆಳೆಯಷ್ಟು ಉಬ್ಬಿರಬೇಕು, ಡೋಲಿನ ಹೊಟ್ಟೆಯಂತೆ. ಉಬ್ಬು ಇಲ್ಲದಿದ್ದರೆ ಬೆಲ್ಟ್ ನಡುವಿನಲ್ಲಿ ನಿಲ್ಲದೆ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಕೊನೆಯದಾಗಿ, ಅಳತೆ 0.05 ಮಿ.ಮೀ. ಹೆಚ್ಚೇ ಇರಲಿ.

ಹೆಚ್ಚು ಏಕೆಂದರೆ ತೆಗೆಯಬಹುದು, ಸೇರಿಸಲಾಗದು. ಇಷ್ಟು ಸಣ್ಣ ಪುಲ್ಲಿಯಲ್ಲಿ ಒಂದು ಮಿ.ಮೀ.ನ ನೂರನೇ ಒಂದು ಭಾಗ ವೇಗವನ್ನು ಶೇ. 0.2ರಷ್ಟು ಬದಲಿಸುತ್ತದೆ. 4.35ರ ಪುಲ್ಲಿ ಹಾಕಿದಾಗ 100 ಸುತ್ತಿಗೆ 178.3 ಸೆಕೆಂಡು. ಅಲ್ಲಿಂದ ಮೋಟರ್ ತಿರುಗುತ್ತಿರುವಾಗಲೇ ಸಾವಿರ ನಂಬರಿನ ಎಮರಿ ಕಾಗದವನ್ನು ಐಸ್‌ಕ್ಯಾಂಡಿ ಕಡ್ಡಿಗೆ ಅಂಟಿಸಿ ಹಗುರವಾಗಿ ತಾಗಿಸಿ, ಒರೆಸಿ, ಬೆಲ್ಟ್ ಹಾಕಿ, ಮತ್ತೆ ಎಣಿಕೆ. ಆರನೆಯ ಸಲ 179.9ಕ್ಕೆ ಬಂದು ನಿಂತಿತು. ಎಣಿಕೆಯುದ್ದಕ್ಕೂ ಸೂಜಿ ಪ್ಲೇಟಿನ ಮೇಲೆ ಇಳಿದಿರಬೇಕು. ಬರಿದಾಗಿ ತಿರುಗುವಾಗಿನ ವೇಗ ತುಸು ಹೆಚ್ಚೇ ತೋರುತ್ತದೆ. ಎಮರಿ ಹಿಡಿಯುವಾಗ ಮಾತ್ರ ಬೇರಿಂಗಿನ ಬಾಯಿಗೆ ಹಸಿ ಹಿಟ್ಟಿನ ಒಂದು ಉಂಡೆ ಒತ್ತಿ ಮುಚ್ಚಿರಬೇಕು, ಹಿತ್ತಾಳೆಯ ಪುಡಿ ಒಳಗೆ ಬೀಳಬಾರದು.

ವೇಗ ಸರಿಯಿದ್ದರೆ ಮಿಣುಕುವ ದೀಪದಲ್ಲಿ ನಿಂತಂತೆ ಕಾಣುವ, ಡೆಕ್‌ನಲ್ಲಿರುವ ಸ್ಟ್ರೋಬ್ ಚುಕ್ಕಿಗಳನ್ನು ನಂಬುವ ಮೊದಲು ಎಣಿಸಬೇಕು. ನಮ್ಮ 50 ಹರ್ಟ್ಸ್‌ನ ದೀಪ ಸೆಕೆಂಡಿಗೆ 100 ಸಲ ಮಿಣುಕುವುದರಿಂದ 33⅓ಕ್ಕೆ 180 ಚುಕ್ಕಿ ಬೇಕು. 60ರ ಸಾಲಿನಲ್ಲಿ 216 ಇರುತ್ತವೆ. ಈಗಿನ ಎಲ್‌ಇಡಿ ದೀಪಗಳಲ್ಲಿ ಹಲವು ಮಿಣುಕುವುದೇ ಇಲ್ಲ. ನಿಯಾನ್ ಬಲ್ಬು ಅಥವಾ ಹಳೆಯ ಚೋಕಿನ ಟ್ಯೂಬ್‌ಲೈಟ್ ಇದ್ದರೆ ಚುಕ್ಕಿಗಳು ನಿಂತಂತೆ ಕಾಣುತ್ತವೆ.

ಬೇರಿಂಗ್, ಬೆಲ್ಟ್

ತಟ್ಟೆಯ ಕಂಬವನ್ನು ಮೆಲ್ಲನೆ ಎತ್ತಿದರೆ ಬಾವಿಯ, ಅಂದರೆ ಕಂಬ ಕೂರುವ ಬೇರಿಂಗ್ ಗುಳಿಯ, ತಳದಲ್ಲಿ ಒಂದು ಉಕ್ಕಿನ ಗುಂಡು. ಹಳೆಯ ಗ್ರೀಸಿಗೆ ಅಂಟಿಕೊಂಡು ಕಂಬದ ಜೊತೆಗೇ ಮೇಲೆ ಬಂದು ನೆಲಕ್ಕೆ ಬೀಳುವುದು ಇದರ ಚಾಳಿ, ಕೆಳಗೆ ಒಂದು ಬಿಳಿ ಬಟ್ಟೆ ಹಾಸಿರಲಿ. ಗುಂಡಿನಲ್ಲಿ ಸವೆದು ಚಪ್ಪಟೆಯಾದ ಕಲೆ ಕಂಡರೆ ಬದಲಿಸಬೇಕು. ಸೈಕಲ್ ಅಂಗಡಿಯಲ್ಲಿ ಸಿಗುವ ಗುಂಡುಗಳು ಇಂಚಿನ ಲೆಕ್ಕದವು: 5/32 ಎಂದರೆ 3.97 ಮಿ.ಮೀ., 3/16 ಎಂದರೆ 4.76. ಅಳೆದೇ ತರಬೇಕು.

ಬಾವಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹಳೆಯ ಬನಿಯನ್ ಬಟ್ಟೆಯನ್ನು ಕಡ್ಡಿಗೆ ಸುತ್ತಿ, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಬೇಕು. ಎಣ್ಣೆ ಎಸ್‌ಎಇ 20, ಮೂರು ಹನಿ. ಕಂಬ ದಡಕ್ಕನೆ ಬೀಳದೆ ಗಾಳಿಯ ಮೇಲೆ ತೇಲುತ್ತ ನಿಧಾನಕ್ಕೆ ಇಳಿದರೆ ಬೇರಿಂಗ್ ಇನ್ನೂ ಬಿಗಿಯಾಗಿದೆ ಎಂದರ್ಥ. ಮೋಟರಿನ ಮೇಲಿನ ಕೆಳಗಿನ ಬುಷ್‌ಗಳಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ಹನಿ ಸಾಕು. ತೆಂಗಿನೆಣ್ಣೆ ಹಾಕಿದ ಡೆಕ್‌ಗಳು ಈ ಕಡೆ ಆಗಾಗ ಕೈಗೆ ಬರುತ್ತವೆ. ಕೆಲವು ತಿಂಗಳಲ್ಲಿ ಅದು ಕನರಿ ಅಂಟಾಗಿ ಬುಷ್ಷನ್ನೇ ಹಿಡಿದುಬಿಡುತ್ತದೆ.

ಬೆಲ್ಟಿನ ಅಳತೆಗೆ ಹಿಗ್ಗದ ದಾರವನ್ನು ಒಳತಟ್ಟೆ ಮತ್ತು ಪುಲ್ಲಿಯ ಸುತ್ತ ಬಿಗಿಯಾಗಿ ಹಾಯಿಸಿ ಅಳೆಯಬೇಕು. ಇಲ್ಲಿ 714 ಮಿ.ಮೀ. ಬಂತು. ಶೇ. 6 ಕಳೆದು 670ರ ಚಪ್ಪಟೆ ಬೆಲ್ಟ್, ಅಗಲ 5. ಇದಕ್ಕಿಂತ ಬಿಗಿ ಹಾಕಿದರೆ ಬುಷ್ ಒಂದೇ ಕಡೆ ಸವೆದು ಮೋಟರಿನ ನಡುಕ ತಟ್ಟೆಗೆ ಏರುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ ಬೆಲ್ಟ್ ವೇಗ ಪರೀಕ್ಷಿಸಲು ಪರವಾಗಿಲ್ಲ, ಕೇಳಲು ಅಲ್ಲ. ಕರಗಿದ ಹಳೆಯ ಬೆಲ್ಟಿನ ಟಾರನ್ನು ಆಲ್ಕೊಹಾಲ್‌ನಲ್ಲೇ ತೆಗೆಯಬೇಕು. ಪೆಟ್ರೋಲ್ ತಾಗಿದರೆ ಪ್ಲಾಸ್ಟಿಕ್ ಹೋಯಿತು. ಆಲ್ಕೊಹಾಲ್ ಕೂಡ ಅಕ್ರಿಲಿಕ್ ಮುಚ್ಚಳಕ್ಕೆ ತಾಗಬಾರದು, ಜೇಡನ ಬಲೆಯಂಥ ಬಿರುಕು ಏಳುತ್ತದೆ.

ತೋಳು

ಕರಾವಳಿಯ ಡೆಕ್‌ಗಳಲ್ಲಿ ಒಂದು ಕಡೆಯ ಸದ್ದು ಹೋಗಿದ್ದರೆ ಹತ್ತಕ್ಕೆ ಒಂಬತ್ತು ಸಲ ಹೆಡ್‌ಶೆಲ್ಲಿನ ನಾಲ್ಕು ಪಿನ್‌ಗಳೇ ಕಾರಣ. ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಹೆಡ್‌ಶೆಲ್ಲಿನ ಕಡೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ತೋಳಿನೊಳಗಿನ ಸ್ಪ್ರಿಂಗ್ ಪಿನ್‌ಗಳನ್ನು ಹಲ್ಲುಕಡ್ಡಿಯಿಂದ ಒಂದೊಂದಾಗಿ ಒತ್ತಿ ಬಿಟ್ಟು, ಕಾಂಟ್ಯಾಕ್ಟ್ ಕ್ಲೀನರನ್ನು ಕಡ್ಡಿಗೆ ಹಾಕಿ ಮುಟ್ಟಿಸಬೇಕು. ತೋಳಿನ ಬುಡಕ್ಕೆ ಮಾತ್ರ ಎಣ್ಣೆಯಾಗಲಿ ಸ್ಪ್ರೇ ಆಗಲಿ ಬೇಡ. ಗಡಿಯಾರದ ಬೇರಿಂಗಿನಷ್ಟು ನಯವಾದ ಜಾಗ ಅದು, ಎಣ್ಣೆಗೆ ಧೂಳು ಕೂತರೆ ತೋಳು ತಡವರಿಸುತ್ತದೆ.

ಕಾರ್ಟ್ರಿಜ್‌ನ ವಯರ್‌ಗಳು: ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಬೆಸುಗೆಯನ್ನು ನೇರ ಕಾರ್ಟ್ರಿಜ್‌ನ ಪಿನ್ನಿಗೆ ಹಾಕಬಾರದು, ಕಾಯಿಲ್ ಸುಡುತ್ತದೆ. ಹೊರಗಿನ ಸಿಗ್ನಲ್ ವಯರ್ ಕತ್ತರಿಸಿ ನೋಡಿದಾಗ ತಾಮ್ರ ಕಪ್ಪಾಗಿತ್ತು, ಬೆಸುಗೆ ಹಿಡಿಯುತ್ತಿರಲಿಲ್ಲ. ಹೊಸದು ಒಂದು ಮೀಟರ್ ಉದ್ದದ್ದು, ಅದರ ಕೆಪಾಸಿಟೆನ್ಸ್ (ವಯರು ವಿದ್ಯುತ್ತನ್ನು ಹಿಡಿದಿಡುವ ಗುಣ) ಪ್ರತಿ ಮೀಟರ್ ಉದ್ದಕ್ಕೆ 100 ಪಿಕೊಫ್ಯಾರಡ್ ಆಸುಪಾಸು. ಆಡಿಯೊ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್‌ಗೆ ವಯರ್ ಮತ್ತು ಪ್ರೀಆಂಪ್ (ಕಾರ್ಟ್ರಿಜ್‌ನ ಸಣ್ಣ ಸಿಗ್ನಲನ್ನು ಏರಿಸುವ ಪೆಟ್ಟಿಗೆ) ಸೇರಿ 100ರಿಂದ 200 ಪಿಕೊಫ್ಯಾರಡ್ ಇರಬೇಕು. ಉದ್ದ ಹೆಚ್ಚಿಸಿದರೆ ತಾರಸ್ಥಾಯಿ ಚುಚ್ಚತೊಡಗುತ್ತದೆ.

ಆ ಕಾರ್ಟ್ರಿಜ್‌ಗೆ ಭಾರ 2 ಗ್ರಾಂ. ಇನ್ನೂ ಅಗ್ಗಕ್ಕೆ ಬೇಕೆಂದರೆ ಎಟಿ3600ಎಲ್, ಅದಕ್ಕೆ 3 ಗ್ರಾಂ. ಹಳೆಯ 78ರ ಪ್ಲೇಟುಗಳಿಗೆ ಇವೆರಡರ ಸೂಜಿಯೂ ಆಗದು, ಗೀರಿನ ತಳದಲ್ಲಿ ಉರುಳಾಡುತ್ತದೆ. ಅವುಗಳಿಗೆ 3 ಮಿಲ್‌ನ (ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು) ಸೂಜಿ ಬೇರೆಯೇ ಉಂಟು. ಭಾರ ಅಳೆಯಲು ಚಿನ್ನ ತೂಗುವಂಥ 0.01 ಗ್ರಾಂನ ಪುಟ್ಟ ಡಿಜಿಟಲ್ ತಕ್ಕಡಿ ಸಾಕು, ಆದರೆ ಅದರ ತಟ್ಟೆ ಉಕ್ಕಿನದಾದರೆ ಕಾರ್ಟ್ರಿಜ್‌ನ ಅಯಸ್ಕಾಂತ ಅದನ್ನು ಎಳೆದು ಸುಳ್ಳು ತೂಕ ತೋರಿಸುತ್ತದೆ. ಪ್ಲಾಸ್ಟಿಕ್ ತುಂಡೊಂದನ್ನು ನಡುವೆ ಇಟ್ಟು, ಸೂಜಿ ಪ್ಲೇಟಿನ ಮಟ್ಟದಲ್ಲೇ ಇರುವಂತೆ ಅಳೆಯಬೇಕು. ಗೀರಿಗೆ ಕಾರ್ಟ್ರಿಜ್‌ನ ಕೋನ ಸರಿಪಡಿಸುವ ಕಾಗದ ಮುದ್ರಿಸಿಕೊಂಡರೆ ತಟ್ಟೆಯ ನಡುವಿನಿಂದ 66.0 ಮತ್ತು 120.9 ಮಿ.ಮೀ. ಬಿಂದುಗಳನ್ನು ಸ್ಕೇಲಿನಲ್ಲಿ ಅಳೆದು ನೋಡಿ. ಪ್ರಿಂಟರ್ ಪುಟಕ್ಕೆ ಹೊಂದಿಸಲು ಕುಗ್ಗಿಸಿರುತ್ತದೆ.

ತೋಳನ್ನು ಇಳಿಸುವ ಸನ್ನೆ ಧೊಪ್ಪೆಂದು ಬಿಡುತ್ತಿದ್ದರೆ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ ಎಂದು. ರಿಮೋಟ್ ಕಾರುಗಳ ಡಿಫರೆನ್ಶಿಯಲ್‌ಗೆ ಮಾರುವ 3,00,000 ಸಿಎಸ್‌ಟಿಯ (ಎಣ್ಣೆಯ ಮಂದತೆಯ ಅಳತೆ) ಎಣ್ಣೆ ಒಂದು ಹನಿ ಸಾಕು.

ಸದ್ದಿನಿಂದ ದೋಷದ ಪತ್ತೆ

ಡುಬ್ ಎಂಬ ಸದ್ದು ಸರಿಯಾಗಿ 1.8 ಸೆಕೆಂಡಿಗೊಮ್ಮೆ, ಪ್ಲೇಟಿನ ಲೇಬಲ್ ಒಂದೇ ಕಡೆ ಇರುವಾಗ ಬಂದರೆ ದೋಷ ಪ್ಲೇಟಿನದು ಅಥವಾ ತಟ್ಟೆಯದು. ಅದೇ ಸದ್ದು ಲೇಬಲಿನ ಸುತ್ತ ನಿಧಾನಕ್ಕೆ ಜರುಗುತ್ತಿದ್ದರೆ ಬೆಲ್ಟಿನದು. ಈ ಡೆಕ್‌ನಲ್ಲಿ ಬೆಲ್ಟಿನ ಒಂದು ಸುತ್ತಿಗೆ 1.86 ಸೆಕೆಂಡು, ಹಾಗಾಗಿ ಸುಮಾರು ಒಂದು ನಿಮಿಷದಲ್ಲಿ ಸದ್ದು ಲೇಬಲಿಗೆ ಒಂದು ಪ್ರದಕ್ಷಿಣೆ ಹಾಕುತ್ತದೆ. ಕಿವಿಗಿಂತ ವೂಫರಿನ ಕಾಗದಕ್ಕೆ ಹೆಚ್ಚು ಗೊತ್ತಾಗುವ 25 ಹರ್ಟ್ಸ್‌ನ ಗುಡುಗು ಮೋಟರಿನದು. ಮೋಟರ್ ತೂಗುಹಾಕಿದ ರಬ್ಬರ್ ಬಳೆಗಳು ಕಲ್ಲಾಗಿವೆ, ಬದಲಿಸಿ. ಸೂಜಿ ಮೇಲೆತ್ತಿದರೂ ಉಳಿಯುವ 50 ಹರ್ಟ್ಸ್‌ನ ಹಮ್ ಅರ್ಥಿಂಗ್‌ನದು: ತೋಳಿನಿಂದ ಬರುವ ಬೇರೆ ತೆಳು ವಯರನ್ನು ಆಂಪ್ಲಿಫೈಯರಿನ ಜಿಎನ್‌ಡಿ ತಿರುಪಿಗೆ ಕಟ್ಟಿರಲಿಕ್ಕಿಲ್ಲ.

ಸದ್ದು ಬಹಳ ಸಣ್ಣಗೆ, ಮಂದ್ರವೇ ಇಲ್ಲದೆ ಬಂದರೆ ಡೆಕ್‌ನಲ್ಲಿ ಏನೂ ಕೆಟ್ಟಿಲ್ಲ. ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 4 ಮಿಲಿವೋಲ್ಟ್ ಆಸುಪಾಸು. ಅದಕ್ಕೆ 47 ಕಿಲೋಓಮ್‌ನ, ಸುಮಾರು 40 ಡೆಸಿಬೆಲ್ ಏರಿಸುವ, ಆರ್‌ಐಎಎ ತಿದ್ದುಪಡಿ (ಪ್ಲೇಟಿನಲ್ಲಿ ತಗ್ಗಿಸಿದ ಮಂದ್ರವನ್ನು ಮರಳಿ ಏರಿಸುವುದು) ಇರುವ ಫೋನೊ ಪ್ರೀಆಂಪ್ ಬೇಕು. ಎನ್‌ಇ5532 ಐಸಿಯ ಕಿಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಟ್ರಾನ್ಸ್‌ಫಾರ್ಮರನ್ನು ಒಂದಡಿ ದೂರ ಇಟ್ಟರೆ.

ಮಳೆಗಾಲದ ಪ್ಲೇಟುಗಳು

ಬೂಸಲು ಹಿಡಿದ ಎಲ್‌ಪಿಗೆ ಡಿಸ್ಟಿಲ್ಡ್ ನೀರು ಒಂದು ಲೀಟರ್, ಪಾತ್ರೆ ತೊಳೆಯುವ ದ್ರವ ಎರಡು ಹನಿ. ಗೀರಿನ ದಿಕ್ಕಿನಲ್ಲೇ ಮೆತ್ತನೆಯ ಬ್ರಷ್ ಓಡಿಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆರಡು ಸಲ. ಬಾವಿ ನೀರು ಒಣಗಿದಾಗ ಗೀರಿನಲ್ಲಿ ಕಲೆ ಉಳಿಸುತ್ತದೆ. 78ರ ಪ್ಲೇಟುಗಳಿಗೆ ಆಲ್ಕೊಹಾಲ್ ತಾಗಿಸಲೇಬಾರದು, ಅವು ಅರಗಿನವು, ಕರಗುತ್ತವೆ. ಕಾಗದದ ಒಳಕವರಿನಲ್ಲಿ ಬೂಸಲಿನ ಬೀಜ ಉಳಿದಿರುವುದರಿಂದ ಅದನ್ನು ಎಸೆದು ಹೊಸದು ಹಾಕಬೇಕು. ಮುರಕಲ್ಲಿನ ಹೊರಗೋಡೆಗೆ ಒರಗಿಸಿದ ಕಪಾಟು ಆಟಿ ತಿಂಗಳಲ್ಲಿ ಬೆವರುತ್ತದೆ. ಒಳಗೋಡೆಗೆ ಸರಿಸಿ ನಾಲ್ಕು ಬೆರಳು ಸಂದು ಬಿಡಿ. ಡೆಕ್ ಮಾತ್ರ ಮುಚ್ಚಿಟ್ಟಷ್ಟೂ ಕೆಡುತ್ತದೆ, ಮಳೆಗಾಲದಲ್ಲಿ ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ತಿರುಗಲಿ. ಮೋಟರಿನ ಬಿಸಿಯೇ ಅದರ ತೇವ ಆರಿಸುತ್ತದೆ.

ಬಾಕಿ ಉಳಿದದ್ದು ಮುಚ್ಚಳದ ಹಿಂಜ್. ಅಕ್ರಿಲಿಕ್‌ನ ಮುರಿದ ಕಿವಿಗೆ ಫೆವಿಕ್ವಿಕ್ ನಿಲ್ಲುವುದಿಲ್ಲ, ಸುತ್ತ ಬಿಳಿ ಹೊಗೆ ಕೂರಿಸಿ ಕುರೂಪ ಮಾಡುತ್ತದೆ. ನೇಮ್‌ಬೋರ್ಡ್ ಮಾಡುವವರಲ್ಲಿ 5 ಮಿ.ಮೀ. ಅಕ್ರಿಲಿಕ್ ತುಂಡು ಕತ್ತರಿಸಿಕೊಂಡು, ಅವರು ಜೋಡಿಸಲು ಬಳಸುವ ಕ್ಲೋರೋಫಾರ್ಮ್‌ನಿಂದ ಅವರ ಕೈಯಲ್ಲೇ, ಬಾಗಿಲು ತೆರೆದ ಜಾಗದಲ್ಲಿ ಅಂಟಿಸಿಕೊಂಡು ಬರುವುದು ಮೇಲು. 24 ಗಂಟೆ ಅದರ ಮೇಲೆ ಭಾರ ಹಾಕಬಾರದು.